ಭಾರ ಎಲ್ಲಿ ಬಿದ್ದಿದೆ ನೋಡಿ, ಆಮೇಲೆ ಗೆರೆ ಎಳೆಯಿರಿ

ಕುಂದಗೋಳದಂಥ ಊರಿನಲ್ಲೇ ಇದ್ದುಕೊಂಡು ಮನುಷ್ಯ ದೇಹದ ರೇಖಾಚಿತ್ರ ಕಲಿಯಬಯಸುವವರಿಗೆ

ಮುಖ ಬರೆಯಬಲ್ಲ ಹುಡುಗರು ಊರೂರಿಗೂ ಸಿಗುತ್ತಾರೆ. ಫೋಟೊ ಮುಂದಿಟ್ಟುಕೊಂಡು ಚೌಕ ಹಾಕಿ, ಸಿನಿಮಾ ನಟನ ಕಣ್ಣು, ಮೂಗು, ಮೀಸೆಯನ್ನು ಥೇಟ್ ಇಳಿಸಿಬಿಡುತ್ತಾರೆ. ಅದೇ ಹುಡುಗನಿಗೆ ಎದುರಿನ ಕಟ್ಟೆಯ ಮೇಲೆ ಕೂತ ಅಜ್ಜನನ್ನು ಇಡಿಯಾಗಿ ಬರೆ ಎಂದರೆ ಕೈ ಓಡುವುದಿಲ್ಲ. ತಲೆ ದೊಡ್ಡದಾಗುತ್ತದೆ, ಕಾಲಿಗೆ ಕಾಗದದಲ್ಲಿ ಜಾಗ ಉಳಿಯುವುದಿಲ್ಲ, ಅಜ್ಜ ಕಟ್ಟೆಯ ಮೇಲೆ ಕೂರದೆ ಅದರಿಂದ ನಾಲ್ಕು ಬೆರಳು ಮೇಲೆ ತೇಲುತ್ತಿರುತ್ತಾನೆ.

ಇದಕ್ಕೆ ಕಾರಣ ಕೈಚಳಕದ ಕೊರತೆಯಲ್ಲ. ಹೆಚ್ಚಿನವರು ದೇಹದ ಅಂಚಿನಿಂದ ಶುರು ಮಾಡುತ್ತಾರೆ: ಹಣೆ, ಕೆನ್ನೆ, ಕತ್ತು, ಭುಜ ಎಂದು ಹೊರಗೆರೆಯ ಮೇಲೆ ನಡೆಯುತ್ತ ಹೋಗುತ್ತಾರೆ. ಆ ದಾರಿಯಲ್ಲಿ ಎಲ್ಲೋ ಒಂದು ಕಡೆ ಅರ್ಧ ಇಂಚು ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಶುರು ಮಾಡಬೇಕಾದದ್ದು ಭಾರದಿಂದ. ಈ ಮೈ ಯಾವುದರ ಮೇಲೆ ನಿಂತಿದೆ, ಯಾವ ಕಡೆ ವಾಲಿದೆ, ಎಲ್ಲಿ ಒತ್ತುತ್ತಿದೆ ಎಂಬುದನ್ನು ಮೊದಲು ಹಿಡಿದರೆ ಅಂಚು ತಾನಾಗಿ ಬರುತ್ತದೆ. ಈ ಒಂದು ಅಭ್ಯಾಸಕ್ಕೆ ದೊಡ್ಡ ಊರು ಬೇಕಿಲ್ಲ, ಬಾಡಿಗೆ ಮಾಡೆಲ್ ಬೇಕಿಲ್ಲ. ಕುಂದಗೋಳದಲ್ಲಿ ಸಿಗುವ ಮೈಗಳೇ ಸಾಕು.

ಹೆಬ್ಬಾರರ ಗೆರೆ

ನಮ್ಮವರೇ ಆದ ಆಧುನಿಕ ಕಲಾವಿದರಲ್ಲಿ ಮನುಷ್ಯ ದೇಹವನ್ನು ಬರೀ ಗೆರೆಯಲ್ಲಿ ಹಿಡಿದವರೆಂದರೆ ಮೊದಲು ನೆನಪಾಗುವ ಹೆಸರು ಕೆ.ಕೆ. ಹೆಬ್ಬಾರ್. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಕಲಿತು, ಅಲ್ಲೇ ಕೆಲವು ವರ್ಷ ಕಲಿಸಿ, 1949-50ರ ಸುಮಾರಿಗೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ಅಭ್ಯಾಸ ಮಾಡಿ ಬಂದವರು. ತೈಲವರ್ಣದಲ್ಲಿ ಎಷ್ಟು ಹೆಸರು ಮಾಡಿದರೋ ಅಷ್ಟೇ ಹೆಸರು ಶಾಯಿಯ ರೇಖಾಚಿತ್ರಗಳಿಂದಲೂ ಬಂತು. ಆ ಚಿತ್ರಗಳ ಸಂಗ್ರಹ 'ದ ಸಿಂಗಿಂಗ್ ಲೈನ್' 1964ರಲ್ಲಿ ಪುಸ್ತಕವಾಯಿತು. 1989ರಲ್ಲಿ ಪದ್ಮಭೂಷಣ ಸಂದಿತು, 1996ರಲ್ಲಿ ತೀರಿಕೊಂಡರು.

ಕಲಿಯುವವರಿಗೆ ಪ್ರಶಸ್ತಿಗಿಂತ ಮುಖ್ಯವಾದ ಒಂದು ಸಂಗತಿ ಅವರ ಬದುಕಿನಲ್ಲಿದೆ. ಲಯವೆಂದರೇನು ಎಂದು ಮೈಯಿಂದಲೇ ತಿಳಿಯಬೇಕೆಂದು ಹೆಬ್ಬಾರರು ಪಂಡಿತ್ ಸುಂದರ್ ಪ್ರಸಾದ್ ಅವರಲ್ಲಿ ಎರಡು ವರ್ಷ ಕಥಕ್ ಕಲಿತರು. ವೇದಿಕೆ ಏರುವ ಆಸೆಯಿಂದಲ್ಲ, ಗೆರೆಗಾಗಿ. ತಿರುಗುವಾಗ ಯಾವ ಹಿಮ್ಮಡಿ ನೆಲ ಬಿಡುತ್ತದೆ, ಕೈ ಚಾಚಿದಾಗ ಸೊಂಟ ಎತ್ತ ಸರಿಯುತ್ತದೆ ಎಂಬುದು ಕಣ್ಣಿಗಿಂತ ಮೊದಲು ಸ್ವಂತ ಮಂಡಿಗೆ ಗೊತ್ತಾಗುತ್ತದೆ. ಅವರ ನರ್ತಕರ, ವಾದ್ಯಗಾರರ ರೇಖಾಚಿತ್ರ ನೋಡಿ: ಉದ್ದುದ್ದ ಗೆರೆಗಳು, ಎಲ್ಲೋ ದಪ್ಪ, ಎಲ್ಲೋ ಕೂದಲೆಳೆ, ಎಲ್ಲೋ ಗೆರೆಯೇ ಇಲ್ಲ. ಆ ಬಿಟ್ಟ ಜಾಗವನ್ನು ನೋಡುವವನ ಕಣ್ಣೇ ತುಂಬಿಕೊಳ್ಳುತ್ತದೆ. ಹೀಗೆ ಬಿಡುವ ಧೈರ್ಯ ಬರುವುದು ಭಾರ ಎಲ್ಲಿದೆ ಎಂದು ಖಾತ್ರಿಯಿದ್ದಾಗ ಮಾತ್ರ.

ಹೊರಗೂ ಇಂಥ ಉದಾಹರಣೆಗಳಿವೆ. ಫ್ರಾನ್ಸಿನ ಶಿಲ್ಪಿ ರೊಡಾನ್ 1906ರಲ್ಲಿ ಕಾಂಬೋಡಿಯಾದ ನೃತ್ಯತಂಡವನ್ನು ಪ್ಯಾರಿಸ್ಸಿನಲ್ಲಿ ಕಂಡು, ಅವರ ಹಿಂದೆಯೇ ಮಾರ್ಸೆ ಬಂದರಿಗೆ ಹೋಗಿ ಸುಮಾರು 150 ಚಿತ್ರ ಬರೆದ. ಮಾಡೆಲ್ ಮೇಲಿನ ಕಣ್ಣನ್ನು ಕಾಗದದತ್ತ ತಿರುಗಿಸದೆಯೇ ಪೆನ್ಸಿಲ್ ಓಡಿಸುವುದು ಅವನ ರೂಢಿ. ನ್ಯೂಯಾರ್ಕಿನಲ್ಲಿ ಕಲಿಸುತ್ತಿದ್ದ ಕಿಮನ್ ನಿಕೊಲೈಡೀಸ್ ಇಂಥ ಅಭ್ಯಾಸಗಳನ್ನೇ ಪಾಠಕ್ರಮವಾಗಿ ಜೋಡಿಸಿದ. ಅವನ ಪುಸ್ತಕ 1941ರಲ್ಲಿ ಬಂತು. ಇಂದು ಜಗತ್ತಿನ ಎಷ್ಟೋ ಕಲಾಶಾಲೆಗಳ ಮೊದಲ ಪಾಠ ಅದರ ನೆರಳಿನಲ್ಲೇ ನಡೆಯುತ್ತದೆ.

ಕೈಗೆ ಏನೇನು ಬೇಕು

ಸಾಮಾನು ಕಮ್ಮಿ ಇದ್ದಷ್ಟೂ ಒಳ್ಳೆಯದು.

ಕಾಗದ: ಮೊದಲ ಕೆಲವು ತಿಂಗಳಿಗೆ ನ್ಯೂಸ್‌ಪ್ರಿಂಟ್ ಸಾಕು. ದುಬಾರಿ ಕಾಗದ ಮುಂದಿದ್ದರೆ ಕೆಡಿಸಲು ಕೈ ಹೆದರುತ್ತದೆ. ಕೆಡಿಸದೆ ಈ ವಿದ್ಯೆ ಬರುವುದಿಲ್ಲ. ಪ್ರಿಂಟಿಂಗ್ ಪ್ರೆಸ್‌ನಲ್ಲಿ ಉಳಿದ ತುಂಡು ಕಾಗದ ಕೇಳಿ ನೋಡಿ. ಜೊತೆಗೆ ಜೋಳಿಗೆಯಲ್ಲಿಡುವಂಥ ಒಂದು ಸಣ್ಣ ಸ್ಕೆಚ್ ಪುಸ್ತಕ ಇರಲಿ.

ಪೆನ್ಸಿಲ್: 2ಬಿ, 4ಬಿ, 6ಬಿ. ಎಚ್‌ಬಿ ಶಾಲೆಯ ಲೆಕ್ಕಕ್ಕಿರಲಿ. ಮೆತ್ತನೆಯ ಪೆನ್ಸಿಲ್ ಒತ್ತಿದಲ್ಲಿ ಕಪ್ಪಾಗುತ್ತದೆ, ಬಿಟ್ಟಲ್ಲಿ ತೆಳುವಾಗುತ್ತದೆ. ಭಾರ ತೋರಿಸಲು ಬೇಕಾದದ್ದೇ ಅದು.

ಇದ್ದಿಲು: ಅಂಗಡಿಯಲ್ಲಿ ಚಾರ್ಕೋಲ್ ಕಡ್ಡಿ ಸಿಗುತ್ತದೆ. ಮನೆಯಲ್ಲೂ ಮಾಡಿಕೊಳ್ಳಬಹುದು. ಆಂಧ್ರದ ಕಲಂಕಾರಿ ಕಲಾವಿದರು ಬಟ್ಟೆಯ ಮೇಲೆ ಮೊದಲ ರೂಪುಗೆರೆ ಎಳೆಯುವುದು ಹುಣಸೆ ಕಡ್ಡಿಯ ಇದ್ದಿಲಿನಿಂದ. ಪೆನ್ಸಿಲ್ ದಪ್ಪದ ಒಣ ಹುಣಸೆ ಕಡ್ಡಿಗಳ ಸಿಪ್ಪೆ ತೆಗೆದು, ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಒತ್ತಾಗಿ ಜೋಡಿಸಿ, ಹೊಗೆ ಹೋಗಲು ಮುಚ್ಚಳಕ್ಕೆ ಒಂದೇ ಒಂದು ಮೊಳೆ ತೂತು ಮಾಡಿ, ಒಲೆಯ ಕೆಂಡದಲ್ಲಿ ಹೂಳಿ. ತೂತಿನಿಂದ ಹೊಗೆ ನಿಂತ ಮೇಲೆ ಹೊರತೆಗೆದು, ಡಬ್ಬಿ ಪೂರ್ತಿ ತಣ್ಣಗಾದ ನಂತರವೇ ತೆರೆಯಿರಿ. ಬಿಸಿಯಿರುವಾಗ ತೆರೆದರೆ ಗಾಳಿ ತಾಗಿ ಕಡ್ಡಿ ಬೂದಿಯಾಗುತ್ತದೆ.

ಶಾಯಿ: ಕೆಲವು ತಿಂಗಳ ನಂತರ. ಅಳಿಸಲು ಬಾರದ್ದರಿಂದ ಗೆರೆ ಎಳೆಯುವ ಮುಂಚೆ ನೋಡುವುದನ್ನು ಕಲಿಸುತ್ತದೆ. ಬಿದಿರಿನ ಕಡ್ಡಿಯನ್ನು ಓರೆಯಾಗಿ ಕೆತ್ತಿ ನಡುವೆ ಸೀಳಿದರೆ ಲೇಖನಿ ಸಿದ್ಧ. ತಿರುಗಿಸಿ ಹಿಡಿದರೆ ದಪ್ಪ, ಏಣು ಹಿಡಿದರೆ ತೆಳು.

ರಬ್ಬರ್: ಮೊದಲ ತಿಂಗಳು ಮನೆಯಲ್ಲೇ ಬಿಟ್ಟುಬನ್ನಿ. ತಪ್ಪಿದ ಗೆರೆಯ ಪಕ್ಕದಲ್ಲೇ ಸರಿಯಾದದ್ದನ್ನು ಎಳೆಯಿರಿ. ಎಷ್ಟು ತಪ್ಪಿತ್ತು ಎಂದು ತಿಳಿಯಲು ತಪ್ಪಿದ ಗೆರೆಯೂ ಕಣ್ಣೆದುರು ಇರಬೇಕು.

ಮೊದಲ ಪಾಠ: ಮೂವತ್ತು ಸೆಕೆಂಡು

ಕಾಗದವನ್ನು ರಟ್ಟಿಗೆ ಸಿಕ್ಕಿಸಿ, ತೋಳನ್ನು ಭುಜದಿಂದಲೇ ಆಡಿಸಿ. ಮಣಿಕಟ್ಟು ಮಾತ್ರ ಆಡಿದರೆ ಗೆರೆ ಮೂರು ಇಂಚಿಗೆ ಮುಗಿಯುತ್ತದೆ. ಎದುರಿನವರು ಏನು ಮಾಡುತ್ತಿದ್ದಾರೋ ಅದನ್ನು ಮೂವತ್ತು ಸೆಕೆಂಡಿನಲ್ಲಿ ಏಳೆಂಟು ಗೆರೆಗಳಲ್ಲಿ ಹಿಡಿಯಿರಿ. ಮುಖ ಬೇಡ, ಬೆರಳು ಬೇಡ, ಗುಂಡಿ ಬೇಡ.

ಕ್ರಮ ಹೀಗಿರಲಿ. ತಲೆಯ ನೆತ್ತಿಯಿಂದ ಬೆನ್ನುಮೂಳೆಯುದ್ದಕ್ಕೂ ಇಳಿದು ಭಾರ ಹೊತ್ತ ಪಾದದವರೆಗೆ ಒಂದೇ ಉದ್ದ ಗೆರೆ. ಆಮೇಲೆ ಭುಜದ ಅಡ್ಡಗೆರೆ, ಸೊಂಟದ ಅಡ್ಡಗೆರೆ. ಎರಡೂ ಎತ್ತ ವಾಲಿವೆಯೋ ಹಾಗೇ. ಆಮೇಲೆ ಉಳಿದ ಕಾಲು, ಎರಡು ತೋಳು. ಕೊನೆಗೆ ತಲೆ, ಒಂದು ಮೊಟ್ಟೆಯಷ್ಟು. ಕೊನೆಯಲ್ಲಿ ಬರೆದ ತಲೆ ದೊಡ್ಡದಾಗುವುದಿಲ್ಲ; ಮೈ ಎಷ್ಟು ಜಾಗ ಬಿಟ್ಟಿದೆಯೋ ಅಷ್ಟರಲ್ಲೇ ಕೂರುತ್ತದೆ.

ಒಂದು ಕೂತಲ್ಲಿ ಹೀಗೆ ಇಪ್ಪತ್ತು ಬರೆಯಿರಿ. ನಂತರ ಎರಡು ನಿಮಿಷದ್ದು ಐದು, ಕೊನೆಗೆ ಇಪ್ಪತ್ತು ನಿಮಿಷದ್ದು ಒಂದು. ಈ ಅನುಕ್ರಮ ತಲೆಕೆಳಗಾಗಬಾರದು. ಬೇಗ ಬರೆದ ಗೆರೆಯಿಂದ ಕೈ ಬಿಸಿಯಾದ ಮೇಲೆಯೇ ನಿಧಾನದ ಚಿತ್ರದಲ್ಲಿ ಜೀವ ಉಳಿಯುತ್ತದೆ.

ವಾರಕ್ಕೊಮ್ಮೆ ಇದಕ್ಕೆ ವಿರುದ್ಧವಾದ ಅಭ್ಯಾಸ: ಕಾಗದ ನೋಡದೆ, ಅತಿ ನಿಧಾನವಾಗಿ, ಕಣ್ಣು ದೇಹದ ಅಂಚಿನ ಮೇಲೆ ಇರುವೆಯ ವೇಗದಲ್ಲಿ ನಡೆದಂತೆ ಪೆನ್ಸಿಲ್ಲೂ ನಡೆಯಬೇಕು. ಚಿತ್ರ ಸೊಟ್ಟಗೇ ಬರುತ್ತದೆ, ಬರಲಿ. ಮೊಣಕೈ ಮಡಿಚಿದಲ್ಲಿ ಎಷ್ಟು ಸುಕ್ಕುಗಳಿವೆ ಎಂದು ಆ ಹೊತ್ತಿಗೆ ಗೊತ್ತಾಗಿರುತ್ತದೆ.

ಭಾರ ಹುಡುಕುವ ಬಗೆ

ಗೌಂಡಿಗಳು ಗೋಡೆ ನೇರ ನೋಡಲು ಇಳಿಬಿಡುವ ತೂಗುಗುಂಡೇ ಚಿತ್ರಕಾರನ ಮೊದಲ ಉಪಕರಣ. ಒಂದು ದಾರಕ್ಕೆ ಸಣ್ಣ ಕಲ್ಲು ಕಟ್ಟಿ, ಕೈ ಚಾಚಿ, ಒಂದು ಕಣ್ಣು ಮುಚ್ಚಿ ಎದುರಿನವರ ಮುಂದೆ ಇಳಿಬಿಡಿ. ಒಂದೇ ಕಾಲ ಮೇಲೆ ಭಾರ ಬಿಟ್ಟು ನಿಂತವರಾದರೆ, ಎರಡು ಕೊರಳೆಲುಬು ಸೇರುವ ಗುಳಿಯಿಂದ ಇಳಿದ ದಾರ ಭಾರ ಹೊತ್ತ ಕಾಲಿನ ಒಳಬದಿಯ ಗಣ್ಣಿನ ಹತ್ತಿರ ಬೀಳುತ್ತದೆ. ಚಿತ್ರದಲ್ಲಿ ಅದು ಬೇರೆಡೆ ಬಿದ್ದರೆ ನಿಮ್ಮ ಮನುಷ್ಯ ಬೀಳುತ್ತಾನೆ.

ಒಂದು ಕಾಲ ಮೇಲೆ ಭಾರ ಬಿದ್ದಾಗ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಭುಜ ಕೆಳಗಿಳಿಯುತ್ತದೆ. ಎರಡು ಅಡ್ಡಗೆರೆಗಳು ಒಂದಕ್ಕೊಂದು ಎದುರಾಗಿ ವಾಲುತ್ತವೆ. ಬೇಲೂರಿನ ಮದನಿಕೆಯರ ತ್ರಿಭಂಗಿಯಲ್ಲಿ ಇರುವುದು ಇದೇ ಲೆಕ್ಕ. ಗ್ರೀಕ್ ಶಿಲ್ಪಿಗಳು ಕಂಡುಕೊಂಡದ್ದೂ ಇದನ್ನೇ. ಕುಂದಗೋಳದ ಬಸ್ ನಿಲ್ದಾಣದಲ್ಲಿ ಬಸ್ಸು ತಡವಾದಾಗ ನಿಂತವರ ಸಾಲು ನೋಡಿ. ಹತ್ತು ಜನರಲ್ಲಿ ಒಂಬತ್ತು ಮಂದಿಯ ಭಾರ ಒಂದೇ ಕಾಲ ಮೇಲಿರುತ್ತದೆ, ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕೆ ದಾಟುತ್ತದೆ. ದಾಟುವ ಮುಂಚೆ ಒಂದು, ದಾಟಿದ ಮೇಲೆ ಒಂದು ಬರೆದುಕೊಳ್ಳಿ.

ಹೊರೆ ಸೇರಿದಾಗ ಲೆಕ್ಕ ಬದಲಾಗುತ್ತದೆ. ಬಲಗೈಯಲ್ಲಿ ತುಂಬಿದ ಕೊಡ ಹಿಡಿದ ಹೆಂಗಸಿನ ಮುಂಡ ಎಡಕ್ಕೆ ವಾಲುತ್ತದೆ, ಎಡತೋಳು ದೇಹದಿಂದ ದೂರ ಚಾಚುತ್ತದೆ. ಅದೇ ಕೊಡ ತಲೆಯ ಮೇಲಿದ್ದರೆ ಕತ್ತಿನಿಂದ ಹಿಮ್ಮಡಿವರೆಗೆ ನೆಟ್ಟಗೆ ಒಂದೇ ಗೆರೆ. ಕೊಡವನ್ನು ಬರೆಯದಿದ್ದರೂ ಅದು ಎಲ್ಲಿದೆ ಎಂದು ನೋಡುವವರಿಗೆ ತಿಳಿಯಬೇಕು. ಹಾಗೆ ಬರೆದು ನೋಡಿ, ಒಳ್ಳೆಯ ಕಸರತ್ತು.

ಕೂತವರಲ್ಲಿ ನೆಲ ಮುಟ್ಟಿದ ಜಾಗವನ್ನೇ ಮೊದಲು ಗುರುತಿಸಿ. ಕುರ್ಚಿಯ ಮೇಲೆ ಕೂತ ತೊಡೆಯ ಕೆಳಭಾಗ ಚಪ್ಪಟೆಯಾಗುತ್ತದೆ, ಪಕ್ಕಕ್ಕೆ ಅಗಲವಾಗುತ್ತದೆ. ಆ ಜಾಗದಲ್ಲಿ ಪೆನ್ಸಿಲ್ ಒತ್ತಿ ಕಪ್ಪು ಮಾಡಿ. ಕಟ್ಟೆಯ ಮೇಲೆ ತೇಲುತ್ತಿದ್ದ ಅಜ್ಜ ಅಷ್ಟರಿಂದಲೇ ಕೂರುತ್ತಾನೆ.

ಅಳತೆ ಎಷ್ಟು ಬೇಕು

ನಮ್ಮ ಶಿಲ್ಪಶಾಸ್ತ್ರದಲ್ಲಿ ಅಳತೆಯ ಘಟಕ ತಾಲ. ಕೂದಲಂಚಿನಿಂದ ಗದ್ದದವರೆಗಿನ ಮುಖದ ಉದ್ದ ಒಂದು ತಾಲ, ಅದರಲ್ಲಿ 12 ಅಂಗುಲ. ಒಂಬತ್ತು ತಾಲದ, ಅಂದರೆ 108 ಅಂಗುಲದ ನವತಾಲ ದೇವತಾ ಮೂರ್ತಿಗಳಿಗೆ ಹೆಸರಾದ ಮಾನ. ಕಲಾಶಾಲೆಗಳಲ್ಲಿ ಈಗ ಹೇಳಿಕೊಡುವ ಲೆಕ್ಕದಲ್ಲಿ ಘಟಕ ಇಡೀ ತಲೆ, ನೆತ್ತಿಯಿಂದ ಗದ್ದದವರೆಗೆ. ಬೆಳೆದ ಮನುಷ್ಯ ಸುಮಾರು ಏಳೂವರೆ ತಲೆ ಎತ್ತರ. ನೆನಪಿಡಬೇಕಾದವು ಇಷ್ಟೇ:

– ನಿಂತ ದೇಹದ ನಡುಮಧ್ಯ ಹೊಕ್ಕುಳಲ್ಲ. ಅದಕ್ಕಿಂತ ಕೆಳಗೆ, ಕಾಲುಗಳು ಕವಲೊಡೆಯುವ ಜಾಗ.
– ತೋಳು ಇಳಿಬಿಟ್ಟಾಗ ಮೊಣಕೈ ಸೊಂಟದ ಮಟ್ಟಕ್ಕೆ, ಬೆರಳ ತುದಿ ತೊಡೆಯ ನಡುವಿಗೆ.
– ಎರಡೂ ತೋಳು ಚಾಚಿದ ಅಗಲ ಹೆಚ್ಚುಕಡಿಮೆ ಆ ವ್ಯಕ್ತಿಯ ಎತ್ತರದಷ್ಟೇ.
– ಬೆರಳು ಚಾಚಿದ ಕೈಯನ್ನು ಮುಖದ ಮೇಲಿಟ್ಟರೆ ಗದ್ದದಿಂದ ಹಣೆಯ ಮೇಲಿನವರೆಗೆ ಮುಚ್ಚುತ್ತದೆ. ಹೊಸಬರು ಕೈಯನ್ನು ಯಾವಾಗಲೂ ಚಿಕ್ಕದಾಗಿ ಬರೆಯುತ್ತಾರೆ.
– ಪಾದದ ಉದ್ದ ಮೊಣಕೈಯಿಂದ ಮಣಿಕಟ್ಟಿನವರೆಗಿನ ಉದ್ದಕ್ಕೆ ಸಮ.
– ಕಣ್ಣು ತಲೆಯ ಅರ್ಧದಲ್ಲಿ. ಹಣೆಗೆ ಜಾಗ ಸಾಲದೆ ಹೋಗುವುದು ಇದನ್ನು ಮರೆತಾಗ.
– ಕಾಲಿನ ಒಳಗಣ್ಣು ಮೇಲೆ, ಹೊರಗಣ್ಣು ಕೆಳಗೆ.
– ಚಕ್ಕಳಮಕ್ಕಳ ಹಾಕಿ ನೆಟ್ಟಗೆ ಕೂತವರು ಸುಮಾರು ನಾಲ್ಕು ತಲೆ ಎತ್ತರ.
– ವರ್ಷದ ಕೂಸು ಸುಮಾರು ನಾಲ್ಕು ತಲೆ. ದೊಡ್ಡವರನ್ನೇ ಕುಗ್ಗಿಸಿ ಬರೆದರೆ ಮಗು ಆಗುವುದಿಲ್ಲ.

ಅಳೆಯುವುದು ಪೆನ್ಸಿಲಿನಿಂದ. ತೋಳು ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯನ್ನು ನೆತ್ತಿಗೂ ಹೆಬ್ಬೆರಳನ್ನು ಗದ್ದಕ್ಕೂ ಹೊಂದಿಸಿ. ಆ ಉದ್ದ ದೇಹದಲ್ಲಿ ಎಷ್ಟು ಸಲ ಇಳಿಯುತ್ತದೆ ಎಣಿಸಿ. ತೋಳು ಸ್ವಲ್ಪ ಮಡಿಚಿದರೂ ಅಳತೆ ಕೆಡುತ್ತದೆ.

ಈ ಲೆಕ್ಕಗಳು ಬರೆದ ಮೇಲೆ ತಿದ್ದುವುದಕ್ಕೆ. ಬಗ್ಗಿದ, ಮಲಗಿದ, ನಮ್ಮತ್ತ ಕಾಲು ಚಾಚಿದ ದೇಹಕ್ಕೆ ಏಳೂವರೆ ತಲೆಯ ಸೂತ್ರ ನಡೆಯುವುದೇ ಇಲ್ಲ. ರೈಲು ನಿಲ್ದಾಣದ ಬೆಂಚಿನ ಮೇಲೆ ನಿಮ್ಮ ಕಡೆ ಕಾಲು ಮಾಡಿ ಮಲಗಿದವರ ಅಂಗಾಲು ಅವರ ತಲೆಗಿಂತ ದೊಡ್ಡದಾಗಿ ಕಾಣುತ್ತದೆ. ಗೊತ್ತಿರುವುದನ್ನು ಬದಿಗಿಟ್ಟು ಕಂಡದ್ದನ್ನೇ ಅಳೆದು ಬರೆಯಿರಿ.

ಆಧುನಿಕ ಕಲಾವಿದರು ದೇಹವನ್ನು ಬೇಕಾದಂತೆ ಎಳೆದು ತಿರುಚುತ್ತಾರಲ್ಲ, ನಮಗೇಕೆ ಈ ಅಳತೆ ಎಂದು ಕೇಳುವವರಿದ್ದಾರೆ. ಹೆಬ್ಬಾರರು ಅಕಾಡೆಮಿಕ್ ಶಿಸ್ತಿನ ಶಾಲೆಯಲ್ಲಿ ಕಲಿತು ಆಮೇಲೆ ಬಿಡುತ್ತ ಹೋದವರು. ಯಾವ ಗೆರೆ ಬಿಟ್ಟರೂ ಮೈ ನಿಲ್ಲುತ್ತದೆ ಎಂದು ತಿಳಿಯಲು, ಎಲ್ಲ ಗೆರೆಗಳ ಪರಿಚಯ ಒಮ್ಮೆ ಆಗಿರಬೇಕು.

ಊರೊಳಗಿನ ಮಾಡೆಲ್‌ಗಳು

ಹಾಡುವವರು. ಕುಂದಗೋಳ ಎಂದರೆ ಸಂಗೀತ. ರಾಮಭಾವು ಕುಂದಗೋಳಕರ, ಅಂದರೆ ಸವಾಯಿ ಗಂಧರ್ವರ ಊರು. 1936ರಿಂದ ಭೀಮಸೇನ ಜೋಶಿ ಗುರುವಿನ ಮನೆಯಲ್ಲಿದ್ದು ಕಲಿತ ಊರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬಂದುಹೋಗುತ್ತಿದ್ದ ಊರು. ಊರಿನ ನಾಡಿಗೇರ ವಾಡೆ ಅಬ್ದುಲ್ ಕರೀಂ ಖಾನರ ಕಾಲದಿಂದ ಗಾಯಕರನ್ನು ಕಂಡಿದೆ. ಸವಾಯಿ ಗಂಧರ್ವರ ಪುಣ್ಯತಿಥಿಯ ಸಂಗೀತೋತ್ಸವದಲ್ಲಿ ರಾತ್ರಿಯಿಡೀ ಹಾಡು ನಡೆಯುತ್ತದೆ. ಚಿತ್ರ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗುವುದು ಕಷ್ಟ: ಬೆಳಕಿದೆ, ಮಾಡೆಲ್ ಗಂಟೆಗಟ್ಟಲೆ ಒಂದೇ ಕಡೆ ಕೂತಿದ್ದಾರೆ, ಮೈ ಮಾತ್ರ ಸುಮ್ಮನಿಲ್ಲ.

ಹಾಡುಗಾರರನ್ನು ಬರೆಯುವ ಬಗೆ ಹೀಗೆ. ಎರಡು ಮಂಡಿ ಮತ್ತು ನೆತ್ತಿ, ಈ ಮೂರು ಚುಕ್ಕೆಗಳ ತ್ರಿಕೋನವನ್ನು ಮೊದಲು ಇಡಿ. ಮಂಡಿಯಿಂದ ಮಂಡಿಗೆ ಅಗಲ, ನೆಲದಿಂದ ನೆತ್ತಿಗೆ ಎತ್ತರ. ಎರಡರಲ್ಲಿ ಯಾವುದು ದೊಡ್ಡದು ಎಂದು ಪೆನ್ಸಿಲಿನಿಂದ ಅಳೆದುಬಿಡಿ. ಆ ತ್ರಿಕೋನದೊಳಗೆ ಬೆನ್ನುಮೂಳೆಯ ಗೆರೆ. ನಿಧಾನ ಲಯದ ವಿಲಂಬಿತದ ಆರಂಭದಲ್ಲಿ ಬೆನ್ನು ನೆಟ್ಟಗಿರುತ್ತದೆ. ತಾನ ಏರಿದಂತೆ ಎದೆ ಮುಂದೆ ಬರುತ್ತದೆ, ಗದ್ದ ಮೇಲೇಳುತ್ತದೆ, ಒಂದು ಕೈ ಸ್ವರವನ್ನು ಹಿಡಿಯಲು ಹೊರಟಂತೆ ಚಾಚುತ್ತದೆ. ಭೀಮಸೇನ ಜೋಶಿಯವರ ಫೋಟೊಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಇಡೀ ಮುಂಡವೇ ಹಾಡುತ್ತಿರುವುದು ಕಾಣುತ್ತದೆ. ಕೈ ಚಾಚಿದ ಕ್ಷಣ ಮತ್ತೆ ಬಾರದು ಎಂದು ಗಾಬರಿ ಬೇಡ. ಗಾಯಕರ ಮೈಗೆ ಐದಾರು ಭಂಗಿಗಳ ರೂಢಿ ಇರುತ್ತದೆ, ಅವು ಮರಳಿ ಮರಳಿ ಬರುತ್ತವೆ. ಒಂದೇ ಹಾಳೆಯಲ್ಲಿ ಐದಾರು ಅರೆಬರೆ ಚಿತ್ರ ಶುರು ಮಾಡಿಟ್ಟು, ಯಾವ ಭಂಗಿ ಬಂತೋ ಆ ಚಿತ್ರಕ್ಕೆ ಎರಡು ಗೆರೆ ಸೇರಿಸುತ್ತ ಹೋಗಿ. ಹಿಂದೆ ತಂಬೂರಿ ಹಿಡಿದವರು ನಿಮಗೆ ದೊಡ್ಡ ಉಪಕಾರಿ: ಕೂತವರ ತಲೆಗಿಂತ ಮೇಲಕ್ಕೆ ಹೋಗುವ ಅದರ ದಂಡಿಯ ಓರೆಯನ್ನು ಅಳತೆಗೋಲು ಮಾಡಿಕೊಂಡರೆ ಭುಜ, ಕತ್ತು, ಕಿವಿಯ ಓರೆಗಳೆಲ್ಲ ತಾಳೆಯಾಗುತ್ತವೆ.

ಹೊಲದವರು. ಎರಿಮಣ್ಣಿನ ಹೊಲದಲ್ಲಿ ಹತ್ತಿ ಬಿಡಿಸುವ ಸುಗ್ಗಿ ಬಗ್ಗಿದ ಬೆನ್ನು ಕಲಿಯುವ ಕಾಲ. ಹತ್ತಿ ಬಿಡಿಸುವ ಹೆಂಗಸು ಬಗ್ಗುವುದು ನಡುವಿನಿಂದಲ್ಲ, ತೊಡೆಯ ಸಂದಿನಿಂದ. ಬೆನ್ನು ಸಾಕಷ್ಟು ನೇರವಾಗಿಯೇ ಇರುತ್ತದೆ, ಸೊಂಟ ಹಿಮ್ಮಡಿಗಿಂತ ಹಿಂದೆ ಹೋಗುತ್ತದೆ, ತಲೆ ಮುಂದೆ ಬರುತ್ತದೆ. ಎರಡರ ನಡುವಿನ ತೂಗುಗೆರೆ ಪಾದಗಳ ಮೇಲೆ ಬೀಳುತ್ತದೆ. ಉಡಿ ತುಂಬುತ್ತ ಬಂದಂತೆ ಆ ತೂಕಕ್ಕೆ ಸರಿಯಾಗಿ ಬೆನ್ನಿನ ಓರೆಯೂ ಬದಲಾಗುತ್ತದೆ. ಮುಂಜಾನೆ ಒಂದು, ಉಡಿ ತುಂಬಿದಾಗ ಒಂದು ಬರೆದು ಪಕ್ಕಪಕ್ಕ ಇಡಿ. ಮೆಣಸಿನಕಾಯಿ ಒಣಹಾಕಿ ಆರಿಸುವ ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತವರು ಸಿಗುತ್ತಾರೆ. ಅವರು ಏಳುವಾಗ ತಲೆ ಮೊದಲು ಮುಂದೆ ಬಂದು ಆಮೇಲೆ ಸೊಂಟ ಮೇಲೇಳುತ್ತದೆ. ಆ ನಡುವಣ ಭಂಗಿ ಬರೆಯಲು ಬಲು ಚೆಂದ.

ಗುಡಿಯ ಕಂಬ. ಕಲ್ಯಾಣ ಚಾಲುಕ್ಯರ ಕಾಲದ ಶಂಭುಲಿಂಗ ದೇವಸ್ಥಾನದ ಕಂಬಕ್ಕೆ ಒರಗಿ ಕೂತವರನ್ನು ಬರೆಯಲು ದಾರ-ಕಲ್ಲು ಬೇಕಿಲ್ಲ. ಕಂಬವೇ ನೆಟ್ಟಗಿನ ಗೆರೆ. ಬೆನ್ನು ಅದಕ್ಕೆ ಎಲ್ಲಿ ತಾಗಿದೆ, ಎಲ್ಲಿ ಬಿಟ್ಟಿದೆ, ಬಿಟ್ಟ ಸಂದಿನ ಆಕಾರವೇನು ನೋಡಿ. ಆ ಸಂದನ್ನೇ ಬರೆದರೆ ಬೆನ್ನು ಬಂದುಬಿಡುತ್ತದೆ.

ಗರಡಿ. ಬಟ್ಟೆಯ ಮರೆಯಿಲ್ಲದೆ ಸ್ನಾಯು ಕಲಿಯಲು ಕಾಲೇಜಿನಲ್ಲಿ ನಗ್ನ ಮಾಡೆಲ್ ಇಡುತ್ತಾರೆ. ಹಳ್ಳಿಯಲ್ಲಿ ಅದು ಆಗುವ ಮಾತಲ್ಲ. ಆದರೆ ಗರಡಿ ಮನೆ ಇರುವಲ್ಲಿ ಲಂಗೋಟಿಯ ಪೈಲ್ವಾನರಿದ್ದಾರೆ. ದಂಡ ಹೊಡೆಯುವಾಗ ಭುಜದೆಲುಬು ಬೆನ್ನ ಮೇಲೆ ಹೇಗೆ ಜಾರುತ್ತದೆ, ಬೈಠಕ್‌ನಲ್ಲಿ ತೊಡೆಯ ಮುಂಭಾಗ ಹೇಗೆ ಉಬ್ಬುತ್ತದೆ ಎಂದು ನೋಡಿ. ಚರ್ಮದ ಕೆಳಗೆ ಎಲುಬು ಮೇಲೆ ಕಾಣುವ ಜಾಗಗಳನ್ನು ಗುರುತು ಹಾಕಿಕೊಳ್ಳಿ: ಕೊರಳೆಲುಬು, ಕತ್ತಿನ ಬುಡದಲ್ಲಿ ಉಬ್ಬಿದ ಏಳನೆಯ ಮಣಿ, ಮೊಣಕೈ, ಸೊಂಟದ ಏಣು, ಮಂಡಿಚಿಪ್ಪು, ಕಾಲಿನ ಗಣ್ಣು. ದಪ್ಪವಿರಲಿ ತೆಳುವಿರಲಿ, ಈ ಗುರುತುಗಳು ಜಾಗ ಬದಲಿಸುವುದಿಲ್ಲ. ಉಳಿದ ಮೈಯನ್ನು ಇವುಗಳ ನಡುವೆ ಕಟ್ಟಬಹುದು.

ನೀವು. ಯಾರೂ ಸಿಗದ ದಿನ ಕನ್ನಡಿ ಇದೆ, ಎಡಗೈ ಇದೆ, ಎರಡು ಪಾದಗಳಿವೆ. ಕೈ ಬರೆಯುವಾಗ ಬೆರಳಿನಿಂದ ಶುರು ಮಾಡಬೇಡಿ. ಅಂಗೈಯನ್ನು ಒಂದು ಚಪ್ಪಟೆ ಪೆಟ್ಟಿಗೆಯಾಗಿ, ನಾಲ್ಕು ಬೆರಳನ್ನು ಒಂದೇ ಗುಂಪಾಗಿ, ಹೆಬ್ಬೆರಳನ್ನು ಬೇರೆಯಾಗಿ ಇಟ್ಟು, ಆಮೇಲೆ ಬಿಡಿಸಿ. ಪಾದವನ್ನು ಪಕ್ಕದಿಂದ ನೋಡಿದರೆ ಬೆಣೆಯಾಕಾರ; ಹಿಮ್ಮಡಿ ಕಾಲಿನ ನೇರಕ್ಕಿಂತ ಹಿಂದಕ್ಕೆ ಚಾಚಿರುತ್ತದೆ. ಅದನ್ನು ಮರೆತರೆ ಮನುಷ್ಯ ಹಿಂದಕ್ಕೆ ಬೀಳುವಂತೆ ಕಾಣುತ್ತಾನೆ.

ಸೀರೆ, ಧೋತರ, ರುಮಾಲು

ನಮ್ಮ ಕಡೆಯ ಬಟ್ಟೆ ಮೈಯನ್ನು ಮುಚ್ಚುತ್ತದೆ, ಹಾಗೆಯೇ ತೋರಿಸಿಯೂ ಕೊಡುತ್ತದೆ. ನೆರಿಗೆಗಳು ಸುಮ್ಮನೆ ಬೀಳುವುದಿಲ್ಲ; ಮೈ ಬಟ್ಟೆಯನ್ನು ಹಿಡಿದಿಟ್ಟ ಜಾಗದಿಂದ ಹೊರಟು ಸಡಿಲವಾದ ಕಡೆಗೆ ಹೋಗುತ್ತವೆ. ಕಚ್ಚೆಯುಟ್ಟ ಧೋತರದಲ್ಲಿ ಆ ಜಾಗಗಳು ಸೊಂಟ ಮತ್ತು ಮಂಡಿ, ಸೆರಗಿನಲ್ಲಿ ಭುಜ. ಮೊದಲು ಬಟ್ಟೆಯಿಲ್ಲದಂತೆ ತೆಳುಗೆರೆಯಲ್ಲಿ ಮೈ ಬರೆದು, ಹಿಡಿದಿಟ್ಟ ಜಾಗಗಳಿಗೆ ಚುಕ್ಕೆ ಇಟ್ಟು, ಅಲ್ಲಿಂದ ಹೊರಡುವ ನೆರಿಗೆಗಳಲ್ಲಿ ಮುಖ್ಯವಾದ ನಾಲ್ಕೈದನ್ನು ಮಾತ್ರ ಎಳೆಯಿರಿ. ಎಲ್ಲ ನೆರಿಗೆ ಬರೆದರೆ ಮೈ ಹೋಗಿ ಬಟ್ಟೆ ಉಳಿಯುತ್ತದೆ. ರುಮಾಲು ಸುತ್ತಿದವರ ತಲೆಬುರುಡೆ ಒಳಗೆ ಎಲ್ಲಿ ಮುಗಿಯುತ್ತದೆ ಎಂದು ಮೊದಲು ಗುರುತಿಸದಿದ್ದರೆ ರುಮಾಲು ಹಣೆಯ ಮೇಲೆ ಇಟ್ಟ ಬುಟ್ಟಿಯಾಗುತ್ತದೆ.

ಕೇಳಿ ಬರೆಯಿರಿ

ದೂರದಿಂದ ಬಸ್ ನಿಲ್ದಾಣದ ಗುಂಪನ್ನು ಬರೆಯುವುದು ಬೇರೆ, ಒಬ್ಬರನ್ನೇ ಇಪ್ಪತ್ತು ನಿಮಿಷ ದಿಟ್ಟಿಸುವುದು ಬೇರೆ. ಎರಡನೆಯದಕ್ಕೆ ಕೇಳಲೇಬೇಕು. ಹೆಣ್ಣುಮಕ್ಕಳನ್ನು ಬರೆಯುವುದಾದರೆ ಜೊತೆಯವರ ಮುಂದೆಯೇ ಕೇಳಿ, ಬರೆದದ್ದನ್ನು ತೋರಿಸಿ. ಬೇಡವೆಂದರೆ ಹಾಳೆ ಮಗುಚಿ. ಮಕ್ಕಳನ್ನು ಬರೆಯಲು ಮನೆಯವರ ಒಪ್ಪಿಗೆ ಬೇಕು. ಕೂಲಿ ಕೆಲಸದವರನ್ನು ಕೆಲಸ ಬಿಡಿಸಿ ನಿಲ್ಲಿಸಿದರೆ ಆ ಹೊತ್ತಿನ ಕೂಲಿ ಕೊಡುವುದು ಧರ್ಮ. ಕದ್ದು ಫೋಟೊ ತೆಗೆದು ಮನೆಯಲ್ಲಿ ಬರೆಯುವ ಚಾಳಿ ಬೇಡ. ಮರ್ಯಾದೆಯ ಮಾತು ಒಂದೆಡೆಗಿರಲಿ, ಮೊಬೈಲ್ ಕ್ಯಾಮೆರಾ ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸುವುದರಿಂದ ಭಾರದ ಲೆಕ್ಕವೂ ತಪ್ಪುತ್ತದೆ. ಹಾಡಿನ ಸಭೆಯಲ್ಲಿ ಪಕ್ಕದ ಗೋಡೆಗೆ ಒರಗಿ ಕೂರಿ, ಹಾಳೆ ಮಗುಚುವ ಸದ್ದು ಬೇಡ.

ಮುಂದೆ ಓದಬೇಕೆನ್ನುವವರಿಗೆ

ಹೈಸ್ಕೂಲಿನಲ್ಲಿರುವಾಗಲೇ ರಾಜ್ಯ ಪರೀಕ್ಷಾ ಮಂಡಳಿ ನಡೆಸುವ ಚಿತ್ರಕಲೆಯ ಲೋಯರ್ ಮತ್ತು ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂರಬಹುದು. ಶಾಲೆಯ ಚಿತ್ರಕಲಾ ಶಿಕ್ಷಕರ ಬಳಿ ವಿಚಾರಿಸಿ. ಪಿಯುಸಿ ನಂತರ ಬಿವಿಎ ಪದವಿ ನಾಲ್ಕು ವರ್ಷದ್ದು. ಇದಕ್ಕಾಗಿ ಬೆಂಗಳೂರಿಗೇ ಓಡಬೇಕಿಲ್ಲ. ಕುಂದಗೋಳದಿಂದ ಹುಬ್ಬಳ್ಳಿ ಸುಮಾರು 20 ಕಿಲೋಮೀಟರ್. ಅಲ್ಲಿ ವಿಜಯ ಮಹಾಂತೇಶ ಲಲಿತಕಲಾ ಮಹಾವಿದ್ಯಾಲಯವಿದೆ. ಧಾರವಾಡದ ಕಲಾ ಶಿಕ್ಷಣದ ಪರಂಪರೆ ಡಿ.ವಿ. ಹಾಲಭಾವಿಯವರು 1935ರಲ್ಲಿ ಕಟ್ಟಿದ ಶಾಲೆಯಷ್ಟು ಹಳೆಯದು. ಪ್ರವೇಶಕ್ಕೆ ಹೋಗುವಾಗ ಫೋಟೊ ನೋಡಿ ತಿದ್ದಿತೀಡಿದ ನಾಲ್ಕು ಭಾವಚಿತ್ರಗಳಿಗಿಂತ, ಜೀವಂತ ಜನರನ್ನು ನೋಡಿ ಬರೆದ ಸ್ಕೆಚ್ ಪುಸ್ತಕವನ್ನು ಒಯ್ಯಿರಿ. ಬರೆದವರು ಎಷ್ಟು ನೋಡಿದ್ದಾರೆ ಎಂಬುದು ಅದರಲ್ಲಿ ಕಾಣುತ್ತದೆ.

ಹೆಬ್ಬಾರರ ಮೂಲಚಿತ್ರ ನೋಡಲು ಬೆಂಗಳೂರಿನ ವೆಂಕಟಪ್ಪ ಚಿತ್ರಶಾಲೆ ಮತ್ತು ಮಣಿಪಾಲದ ಹೆಬ್ಬಾರ್ ಗ್ಯಾಲರಿ ಇವೆ. ತೆರೆದಿದೆಯೇ ಎಂದು ಕೇಳಿಕೊಂಡೇ ಹೊರಡಿ. ಹೋದಾಗ ಒಂದು ರೇಖಾಚಿತ್ರವನ್ನು ಆರಿಸಿಕೊಂಡು, ಅದರಲ್ಲಿ ಗೆರೆ ಎಲ್ಲಿ ದಪ್ಪವಾಗಿದೆ ಎಂದಷ್ಟೇ ಗುರುತು ಹಾಕಿಕೊಂಡು ಬಂದರೂ ಪ್ರಯಾಣ ಸಾರ್ಥಕ.

ನಿಮ್ಮ ಚಿತ್ರವನ್ನು ಪರೀಕ್ಷಿಸುವುದು

ತಿಂಗಳಿಗೊಮ್ಮೆ ಹಾಳೆಗಳನ್ನೆಲ್ಲ ನೆಲದ ಮೇಲೆ ಹರವಿ. ಚಿತ್ರವನ್ನು ತಲೆಕೆಳಗೆ ಮಾಡಿ ನೋಡಿ. ಓರೆ ತಪ್ಪಿದ್ದು ಥಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಕನ್ನಡಿಯಲ್ಲಿ ನೋಡಿದರೂ ಅಷ್ಟೇ. ಹಾಳೆಯಲ್ಲಿರುವ ಭಂಗಿಯಲ್ಲೇ ನೀವು ನಿಂತು ನೋಡಿ: ಮೈ ತಾಳಲಾರದೆ ಹೆಜ್ಜೆ ಕಿತ್ತಿಡಬೇಕಾಯಿತೆಂದರೆ ಚಿತ್ರದ ಮನುಷ್ಯನೂ ನಿಲ್ಲಲಾರ.

ಕೊನೆಯ ಪರೀಕ್ಷಕರು ಊರಿನವರು. ಮುಖವಿಲ್ಲದ, ಹತ್ತು ಗೆರೆಯ ಚಿತ್ರವೊಂದನ್ನು ಚಹಾದಂಗಡಿಯಲ್ಲಿ ಕೂತವರ ಮುಂದೆ ಇಟ್ಟು, ಇವರು ಏನು ಮಾಡುತ್ತಿದ್ದಾರೆ ಎಂದು ಕೇಳಿ. 'ಚೊಲೋ ತಗದೀ' ಎಂದರೆ ಅದು ಬರೀ ಹೊಗಳಿಕೆ, ಇನ್ನೂ ಬರೆಯಬೇಕು. 'ಹತ್ತಿ ಬಿಡಿಸಾಕತ್ತಾಳ, ಉಡಿ ತುಂಬೇತಿ' ಎಂದರೆ ಭಾರ ಕಾಗದಕ್ಕೆ ಇಳಿದಿದೆ. ಅಲ್ಲಿಂದ ಮುಂದೆ ಹತ್ತು ಗೆರೆಯನ್ನು ಎಂಟಕ್ಕೆ ಇಳಿಸಿ, ಅದೇ ಉತ್ತರ ಬರುತ್ತದೆಯೇ ನೋಡಿ.